ಕಿವಿತಮಟೆಯ ರಂಧ್ರ ಮತ್ತು ಅದರ ಶಸ್ತ್ರಚಿಕಿತ್ಸೆ: ಒಂದು ಚಾರಿತ್ರಿಕ ವಿವೇಚನೆ

1. ಪ್ರವೇಶಿಕೆ

ಕಿವಿಯ ಹೊರನಾಳದ ಕೊನೆಯಲ್ಲಿ ಓರೆಯಾಗಿ ಹರಡಿಕೊಂಡು, ಹೊರಗಿನ ಗಾಳಿಯನ್ನೂ ಮಧ್ಯಕಿವಿಯ ಗಾಳಿಯನ್ನೂ ಬೇರ್ಪಡಿಸುವ ತೆಳುಪೊರೆಗೆ ಕನ್ನಡದಲ್ಲಿ ಕಿವಿತಮಟೆ ಎಂಬ ಹೆಸರು ರೂಢಿಯಲ್ಲಿದೆ. ಶಾಸ್ತ್ರಗ್ರಂಥಗಳಲ್ಲಿ ಇದನ್ನು ಕರ್ಣಪಟಲವೆಂದೂ ಕರೆಯುವುದುಂಟು. ವಯಸ್ಕರಲ್ಲಿ ಇದರ ಎತ್ತರ 9ರಿಂದ 10 ಮಿಲಿಮೀಟರು. ದಪ್ಪವಾದರೋ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ. ಇಷ್ಟು ತೆಳ್ಳಗಿನ ಪೊರೆಯಲ್ಲಿಯೂ ಮೂರು ಪದರಗಳಿವೆ: ಹೊರಗೆ ಚರ್ಮ, ಒಳಗೆ ಲೋಳೆಪೊರೆ, ಇವೆರಡರ ನಡುವೆ ಬಿಗುವನ್ನು ಕೊಡುವ ನಾರಿನ ಪದರ.

ಪೆಟ್ಟಿನಿಂದಲೋ ಸೋಂಕಿನಿಂದಲೋ ಈ ಪೊರೆಯಲ್ಲಿ ತೂತು ಬಿದ್ದಾಗ ಬಹುಮಟ್ಟಿಗೆ ಅದು ಕೆಲವು ವಾರಗಳಲ್ಲಿ ತಾನಾಗಿಯೇ ಕೂಡಿಕೊಳ್ಳುತ್ತದೆ. ಹಾಗೆ ಕೂಡದೆ ಉಳಿದಾಗ ರಂಧ್ರದ ಅಂಚಿನಲ್ಲಿ ಹೊರಚರ್ಮವೂ ಒಳಗಿನ ಲೋಳೆಪೊರೆಯೂ ಒಂದನ್ನೊಂದು ಸಂಧಿಸಿ, ಅಲ್ಲಿಗೆ ಬೆಳವಣಿಗೆ ನಿಂತುಹೋಗುತ್ತದೆ. ಅನಂತರ ಕಿವಿ ಪದೇ ಪದೇ ಸೋರುತ್ತದೆ. ಕೇಳುವ ಶಕ್ತಿ ಕುಗ್ಗುತ್ತದೆ. ಇಂತಹ ರಂಧ್ರವನ್ನು ದೇಹದ್ದೇ ಆದ ಬೇರೊಂದು ಪೊರೆಯಿಂದ ಕಸಿಮಾಡಿ ಮುಚ್ಚುವ ಶಸ್ತ್ರಕ್ರಿಯೆ ಇಂದು ಕರ್ನಾಟಕದ ಜಿಲ್ಲಾ ಕೇಂದ್ರಗಳಲ್ಲಿಯೂ ನಡೆಯುವಷ್ಟು ಸಾಮಾನ್ಯವಾಗಿದೆ. ಕೇವಲ ರಂಧ್ರವನ್ನು ಮುಚ್ಚುವ ಕ್ರಿಯೆಗೆ ಮೈರಿಂಗೋಪ್ಲಾಸ್ಟಿ ಎಂದೂ, ಅದರೊಡನೆ ಮಧ್ಯಕಿವಿಯ ರೋಗವನ್ನು ನೀಗಿ ಶ್ರವಣ ವ್ಯವಸ್ಥೆಯನ್ನು ಸರಿಪಡಿಸುವ ಕ್ರಿಯೆಗೆ ಟಿಂಪನೋಪ್ಲಾಸ್ಟಿ ಎಂದೂ ವೈದ್ಯರು ಹೇಳುತ್ತಾರೆ.

ಈ ಶಸ್ತ್ರಕ್ರಿಯೆಯ ಮೂಲ ಕಲ್ಪನೆ 1878ರಷ್ಟು ಹಿಂದೆಯೇ ಪ್ರಕಟವಾಗಿತ್ತು. ಆದರೆ ಅದು ನೆಲೆನಿಂತ ಪದ್ಧತಿಯಾದುದು 1950ರ ದಶಕದಲ್ಲಿ. ಈ ಮುಕ್ಕಾಲು ಶತಮಾನದ ವಿಳಂಬಕ್ಕೆ ಕಾರಣವೇನು ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ. ಉಪಕರಣಗಳ ಅಭಾವವೊಂದೇ ಇದಕ್ಕೆ ಸಾಕಷ್ಟು ಉತ್ತರವಾಗಲಾರದು. ರೋಗಿಯ ಪ್ರಾಣವನ್ನು ಉಳಿಸುವುದೇ ಕಿವಿಯ ಶಸ್ತ್ರವೈದ್ಯದ ಏಕೈಕ ಗುರಿಯಾಗಿದ್ದ ಕಾಲದಲ್ಲಿ ಶ್ರವಣವು ಆ ಗುರಿಗಾಗಿ ತೆರುವ ಬೆಲೆಯೆಂದು ಪರಿಗಣಿತವಾಗಿತ್ತು. ಆ ಎಣಿಕೆ ಬದಲಾಗುವವರೆಗೆ ತಮಟೆಯ ದುರಸ್ತಿಗೆ ಎಡೆಯಿರಲಿಲ್ಲ ಎಂಬುದು ಇಲ್ಲಿನ ಪ್ರತಿಪಾದನೆ.

2. ಹೊರಗಿವಿಯ ಪರಂಪರೆ

ಕಿವಿಯ ಪುನಾರಚನೆಯ ಮಾತು ಬಂದೊಡನೆ ಸುಶ್ರುತಸಂಹಿತೆಯ ಹೆಸರು ನೆನಪಾಗುವುದು ಸಹಜ. ಅದರ ಸೂತ್ರಸ್ಥಾನದ 16ನೆಯ ಅಧ್ಯಾಯದಲ್ಲಿ ಕಿವಿ ಚುಚ್ಚುವ ವಿಧಾನವನ್ನೂ, ಹರಿದ ಕಿವಿಯ ಹಾಲೆಯನ್ನು ಕೂಡಿಸುವ 15 ಬಗೆಯ ಬಂಧಗಳನ್ನೂ ವಿವರಿಸಲಾಗಿದೆ. ಉತ್ತರತಂತ್ರದಲ್ಲಿ 28 ಕರ್ಣರೋಗಗಳ ಎಣಿಕೆಯಿದ್ದು, ಸೋರುವ ಕಿವಿಯೂ ದುರ್ಗಂಧದ ಕೀವು ಸುರಿಸುವ ಕಿವಿಯೂ ಅವುಗಳಲ್ಲಿ ಸೇರಿವೆ. ಒರೆಸುವುದು, ಹೊಗೆ ಹಾಕುವುದು, ಔಷಧದ್ರವವನ್ನು ತುಂಬುವುದು ಇತ್ಯಾದಿ ಉಪಚಾರಗಳನ್ನು ಅಲ್ಲಿ ಹೇಳಿದೆ. ಆದರೆ ಈ ಪುನಾರಚನೆಗಳೆಲ್ಲ ಹೊರಗಿವಿಗೆ ಸಂಬಂಧಿಸಿದವು. ಒಳಗಿನ ಪೊರೆಯನ್ನು ಕಸಿಮಾಡುವ ಕ್ರಮವನ್ನು ಅವುಗಳಲ್ಲಿ ಹುಡುಕುವುದು ಆ ಗ್ರಂಥಕ್ಕೆ ನ್ಯಾಯ ಸಲ್ಲಿಸಿದಂತಾಗದು. ಕಣ್ಣಿಗೆ ಕಾಣುವ ಅಂಗದ ವಿಷಯದಲ್ಲಿ ಅದು ಸಾಧಿಸಿದ್ದೇ ಸಾಕಷ್ಟು ದೊಡ್ಡದು.

ಈ ಪರಂಪರೆಯ ಕೊಂಡಿಯೊಂದು ಮೈಸೂರಿನ ಇತಿಹಾಸಕ್ಕೂ ತಾಗಿಕೊಂಡಿದೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಸ್‌ಜಿ ಎಂಬಾತ ಟಿಪ್ಪು ಸುಲ್ತಾನನ ಪಡೆಗೆ ಸೆರೆಸಿಕ್ಕು ಮೂಗನ್ನು ಕಳೆದುಕೊಂಡಿದ್ದ. ಪುಣೆಯ ಬಳಿ ಸ್ಥಳೀಯ ಕುಶಲಿಯೊಬ್ಬ ಅವನ ಹಣೆಯ ಚರ್ಮವನ್ನು ತಿರುಗಿಸಿ ಹೊಸ ಮೂಗನ್ನು ರೂಪಿಸಿದ ವರದಿ 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆಯಲ್ಲಿ ಚಿತ್ರಸಹಿತ ಪ್ರಕಟವಾಯಿತು. ಅದರಿಂದ ಪ್ರೇರಿತನಾದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಇಂಗ್ಲೆಂಡಿನಲ್ಲಿ ಅದೇ ಕ್ರಮವನ್ನು ಅನುಸರಿಸಿದ. ಯುರೋಪಿನಲ್ಲಿ ಅಂಗಪುನಾರಚನೆಯ ಆಸಕ್ತಿ ಮರುಹುಟ್ಟು ಪಡೆದುದರಲ್ಲಿ ಈ ಘಟನೆಯ ಪಾತ್ರವನ್ನು ವೈದ್ಯ ಇತಿಹಾಸಕಾರರು ಒಪ್ಪಿದ್ದಾರೆ.

ಮೂಗಿಗೆ ಒದಗಿದ ಕ್ರಮ ತಮಟೆಗೆ ಒದಗುವಂತಿರಲಿಲ್ಲ. ಹಣೆಯಿಂದ ತಿರುಗಿಸಿದ ಚರ್ಮವು ತನ್ನ ತೊಟ್ಟಿನ ಮೂಲಕ ರಕ್ತವನ್ನು ಪಡೆಯುತ್ತಲೇ ಇರುತ್ತದೆ. ಎರಡೂವರೆ ಸೆಂಟಿಮೀಟರು ಆಳದ ಇಕ್ಕಟ್ಟಾದ ನಾಳದ ಕೊನೆಗೆ ಅಂತಹ ತೊಟ್ಟನ್ನು ಒಯ್ಯುವುದು ಆಗ ಅಸಾಧ್ಯವಾಗಿತ್ತು. ದೇಹದಿಂದ ಪೂರ್ಣವಾಗಿ ಬೇರ್ಪಡಿಸಿದ ಚರ್ಮದ ತುಣುಕೂ ಬೇರೆಡೆ ಬದುಕಬಲ್ಲದು ಎಂಬುದನ್ನು ಜಾಕ್ ರೆವೆರ್ಡಾಂ 1869ರಲ್ಲಿ ತೋರಿಸಿಕೊಟ್ಟ ಮೇಲಷ್ಟೇ ತಮಟೆಯ ಕಸಿಗೆ ದಾರಿಯಾಯಿತು.

3. ಮುಚ್ಚಿಗೆಯ ಯುಗ

ಅದಕ್ಕೆ ಮೊದಲು ನಡೆದುದೆಲ್ಲ ರಂಧ್ರವನ್ನು ತಾತ್ಕಾಲಿಕವಾಗಿ ಮುಚ್ಚುವ ಪ್ರಯತ್ನ. 1640ರಲ್ಲಿ ಜರ್ಮನಿಯ ಮಾರ್ಕಸ್ ಬಾಂಟ್ಸರ್ ಪುಟ್ಟ ಕೊಳವೆಯೊಂದರ ತುದಿಗೆ ಹಂದಿಯ ಮೂತ್ರಕೋಶದ ಪೊರೆಯನ್ನು ಬಿಗಿದು ಕಿವಿಯೊಳಗೆ ಇರಿಸುವ ಸಲಹೆಯನ್ನು ದಾಖಲಿಸಿದ. ಕೃತಕ ತಮಟೆಯ ಮೊದಲ ಉಲ್ಲೇಖವೆಂದು ಇದನ್ನು ಸಾಮಾನ್ಯವಾಗಿ ಗುರುತಿಸಲಾಗುತ್ತದೆ.

ಇದರ ಅನಂತರದ ಮುಖ್ಯ ಘಟ್ಟ ಮೇಲ್ನೋಟಕ್ಕೆ ವಿರುದ್ಧ ದಿಕ್ಕಿನದು. ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ 1800 ಮತ್ತು 1801ರಲ್ಲಿ ರಾಯಲ್ ಸೊಸೈಟಿಗೆ ಎರಡು ಪ್ರಬಂಧಗಳನ್ನು ಸಲ್ಲಿಸಿದ. ತಮಟೆಗಳು ಬಹುಪಾಲು ನಾಶವಾಗಿದ್ದರೂ ಮಾತುಗಳನ್ನು ಕೇಳಬಲ್ಲವನಾಗಿದ್ದ ವೈದ್ಯಕೀಯ ವಿದ್ಯಾರ್ಥಿಯೊಬ್ಬನನ್ನು ಅವನು ಪರೀಕ್ಷಿಸಿದ್ದ. ತಮಟೆ ಹರಿದರೆ ಶ್ರವಣ ಪೂರ್ಣವಾಗಿ ಹೋಗುತ್ತದೆ ಎಂಬ ನಂಬಿಕೆ ಇದರಿಂದ ಸಡಿಲವಾಯಿತು. ಗಂಟಲಿನಿಂದ ಮಧ್ಯಕಿವಿಗೆ ಗಾಳಿಯನ್ನು ಒಯ್ಯುವ ಯೂಸ್ಟೇಷಿಯನ್ ನಾಳ ಮುಚ್ಚಿಹೋಗಿ ಕಿವುಡಾದವರಿಗೆ ತಮಟೆಯಲ್ಲಿ ಬೇಕೆಂದೇ ತೂತು ಮಾಡಿ ಶ್ರವಣವನ್ನು ಮರಳಿಸಬಹುದೆಂದು ಕೂಪರ್ ತೋರಿಸಿದ. ಕಾಪ್ಲಿ ಪದಕದ ಗೌರವಕ್ಕೂ ಪಾತ್ರನಾದ. ಆದರೆ ಎಲ್ಲ ಬಗೆಯ ಕಿವುಡಿಗೂ ಇದನ್ನೇ ಮಾಡಿದವರ ಕೈಯಲ್ಲಿ ಈ ಕ್ರಿಯೆ ಬಹುಬೇಗ ಕೆಟ್ಟ ಹೆಸರನ್ನು ಪಡೆಯಿತು. ಆದಾಗ್ಯೂ ಕೂಪರನ ಅವಲೋಕನದಿಂದ ಒಂದು ಪ್ರಶ್ನೆ ಉಳಿದುಕೊಂಡಿತು: ತಮಟೆಯಿಲ್ಲದೆಯೂ ಕೇಳಬಹುದಾದರೆ ತಮಟೆಯ ಕೆಲಸವಾದರೂ ಏನು?

ಈ ಪ್ರಶ್ನೆಗೆ ಉತ್ತರದ ಸುಳಿವು ಒಬ್ಬ ರೋಗಿಯಿಂದ ದೊರೆಯಿತೆಂಬುದು ಗಮನಾರ್ಹ. 1841ರಲ್ಲಿ ನ್ಯೂಯಾರ್ಕಿನಿಂದ ಬಂದ ವ್ಯಕ್ತಿಯೊಬ್ಬ ಲಂಡನ್ನಿನ ಕಿವಿವೈದ್ಯ ಜೇಮ್ಸ್ ಯಿಯರ್ಸ್ಲಿಯನ್ನು ಕಂಡ. ಕಾಗದದ ಸುರುಳಿಯ ತುದಿಯನ್ನು ಎಂಜಲಿನಿಂದ ಒದ್ದೆಮಾಡಿ ಕಿವಿಯ ತಳಕ್ಕೆ ತಾಗಿಸಿದರೆ ತನಗೆ ಚೆನ್ನಾಗಿ ಕೇಳಿಸುತ್ತದೆಂದು ಆತ ತಾನೇ ಕಂಡುಕೊಂಡಿದ್ದ. ಯಿಯರ್ಸ್ಲಿ ಕಾಗದದ ಬದಲು ಒದ್ದೆ ಹತ್ತಿಯ ಸಣ್ಣ ಉಂಡೆಯನ್ನು ಬಳಸಿ ಹಲವರಲ್ಲಿ ಗುಣ ಕಂಡು, 1848ರಲ್ಲಿ ಅದನ್ನು ಪ್ರಕಟಿಸಿದ. 1853ರಲ್ಲಿ ಜೋಸೆಫ್ ಟಾಯ್ನ್‌ಬಿ ಬೆಳ್ಳಿಯ ತಂತಿಗೆ ಜೋಡಿಸಿದ ರಬ್ಬರಿನ ಬಿಲ್ಲೆಯನ್ನು ಕೃತಕ ತಮಟೆಯೆಂದು ಮುಂದಿಟ್ಟ. ಸುಮಾರು 2000 ಕಿವಿಗಳನ್ನು ಛೇದಿಸಿ ಅಭ್ಯಸಿಸಿದ್ದ ಟಾಯ್ನ್‌ಬಿಯ ಪ್ರತಿಷ್ಠೆ ದೊಡ್ಡದು. ಶೋಧದ ಅಗ್ರತೆಯನ್ನು ಕುರಿತು ಇವರಿಬ್ಬರ ನಡುವೆ ಕಟುವಾದ ವಿವಾದ ನಡೆಯಿತು. ಮೊದಲ ಶೋಧವನ್ನು ಮಾಡಿದ ರೋಗಿಯ ಹೆಸರು ಮಾತ್ರ ಆ ವಿವಾದದಲ್ಲಿ ಎಲ್ಲಿಯೂ ಬರಲಿಲ್ಲ.

ಬೋಸ್ಟನ್ನಿನ ಕ್ಲಾರೆನ್ಸ್ ಬ್ಲೇಕ್ 1887ರಲ್ಲಿ ರಂಧ್ರದ ಮೇಲೆ ಕಾಗದದ ತೇಪೆಯನ್ನು ಅಂಟಿಸುವ ಕ್ರಮವನ್ನು ಬಳಕೆಗೆ ತಂದ. ಟಾಯ್ನ್‌ಬಿಯ ರಬ್ಬರು ರಂಧ್ರಕ್ಕೆ ಮುಚ್ಚಳ ಮಾತ್ರವಾಗಿತ್ತು. ಬ್ಲೇಕನ ಕಾಗದದ ಆಸರೆಯಲ್ಲಿ ರಂಧ್ರದ ಅಂಚುಗಳು ಬೆಳೆದು ಕೂಡಿಕೊಳ್ಳುವ ಅವಕಾಶವಿತ್ತು. ಸಣ್ಣ ರಂಧ್ರಗಳಿಗೆ ಈ ತೇಪೆ ಇಂದಿಗೂ ಬಳಕೆಯಲ್ಲಿದೆ.

4. ಬೆರ್ಟೋಲ್ಡನ ಕಸಿ ಮತ್ತು ಅದರ ವಿಸ್ಮೃತಿ

ನಿಜವಾದ ಕಸಿಯ ಪ್ರಯತ್ನ ನಡೆದುದು ಅಂದಿನ ಪ್ರಷ್ಯಾದ ಕ್ಯೋನಿಗ್ಸ್‌ಬರ್ಗ್ ನಗರದಲ್ಲಿ. ಅಲ್ಲಿನ ಎಮಿಲ್ ಬೆರ್ಟೋಲ್ಡ್ 1878ರಲ್ಲಿ ತಮಟೆಯ ಉಳಿದ ಭಾಗದ ಮೇಲೆ ಅಂಟುಪಟ್ಟಿಯನ್ನು ಮೂರು ದಿನ ಇರಿಸಿ, ಅದನ್ನು ಕಿತ್ತಾಗ ಹೊರಚರ್ಮವೂ ಕಿತ್ತುಬರುವಂತೆ ಮಾಡಿದ. ಹೀಗೆ ಹಸಿಯಾದ ಮೈಮೇಲೆ ಚರ್ಮದ ದಪ್ಪ ತುಣುಕೊಂದನ್ನು ಕಸಿಮಾಡಿ ರಂಧ್ರವನ್ನು ಮುಚ್ಚಿದ. ಈ ಕ್ರಿಯೆಗೆ ಮೈರಿಂಗೋಪ್ಲಾಸ್ಟಿ ಎಂಬ ಹೆಸರನ್ನು ಕೊಟ್ಟವನೂ ಅವನೇ. ಮುಂದೆ ಮೊಟ್ಟೆಯ ಚಿಪ್ಪಿನೊಳಗಿನ ಪೊರೆಯನ್ನೂ ಅವನು ಪ್ರಯೋಗಿಸಿದ. ಒಂದೆರಡು ಕಡೆ ಇತರರೂ ಅನುಸರಿಸಿದರು. ಅನಂತರ ಸುಮಾರು 70 ವರ್ಷಗಳ ಕಾಲ ಈ ಕ್ರಿಯೆ ಬಹುಮಟ್ಟಿಗೆ ಮರೆತೇಹೋಯಿತು.

ಈ ವಿಸ್ಮೃತಿಯನ್ನು ಅರಿಯಬೇಕಾದರೆ ಅಂದಿನ ಕಿವಿವೈದ್ಯರು ದಿನನಿತ್ಯ ಎದುರಿಸುತ್ತಿದ್ದ ರೋಗದ ಸ್ವರೂಪವನ್ನು ನೆನೆಯಬೇಕು. ಮಧ್ಯಕಿವಿಯ ಕೀವು ಹಿಂಬದಿಯ ಮ್ಯಾಸ್ಟಾಯ್ಡ್ ಮೂಳೆಗೂ ಅಲ್ಲಿಂದ ಮಿದುಳಿನ ಹೊದಿಕೆಗೂ ಹರಡುತ್ತಿತ್ತು. ಸೋರುವ ಕಿವಿ ಎಂದಾದರೊಂದು ದಿನ ಪ್ರಾಣಕ್ಕೆ ಎರವಾಗಬಹುದಾಗಿತ್ತು. ಪ್ರಸಿದ್ಧ ಲೇಖಕ ಆಸ್ಕರ್ ವೈಲ್ಡನ ಅಂತ್ಯ ಇದಕ್ಕೆ ನಿದರ್ಶನವಾಗಿದೆ. 1900ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಹೋಟೆಲಿನ ಕೋಣೆಯಲ್ಲಿಯೇ ಅವನ ಕಿವಿಗೆ ಶಸ್ತ್ರಕ್ರಿಯೆ ನಡೆಯಿತು. ನವೆಂಬರ್ 30ರಂದು ಅವನು ತೀರಿಕೊಂಡ. ದೀರ್ಘಕಾಲದ ಕಿವಿರೋಗ ಮಿದುಳಿಗೆ ಹರಡಿದುದೇ ಮರಣಕ್ಕೆ ಕಾರಣವೆಂಬುದು ಹಲವು ವೈದ್ಯ ಇತಿಹಾಸಕಾರರ ಅಭಿಪ್ರಾಯ. ಅವನ ತಂದೆ ಸರ್ ವಿಲಿಯಂ ವೈಲ್ಡ್ ಡಬ್ಲಿನ್ನಿನ ಹೆಸರಾಂತ ಕಿವಿವೈದ್ಯನಾಗಿದ್ದು, 1853ರಲ್ಲಿ ಕಿವಿಯ ಶಸ್ತ್ರವೈದ್ಯವನ್ನು ಕುರಿತು ಮಹತ್ವದ ಗ್ರಂಥವನ್ನೇ ರಚಿಸಿದ್ದ. ಆ ಕಾಲದ ಉತ್ತಮ ವಿದ್ಯೆಗೂ ಈ ರೋಗ ಎಷ್ಟು ಮೀರಿದ್ದಾಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ಹಾಲೆಯ ಹೆರ್ಮಾನ್ ಶ್ವಾರ್ಟ್ಸ್ 1873ರಲ್ಲಿ ಸಹೋದ್ಯೋಗಿಯೊಡನೆ ಮ್ಯಾಸ್ಟಾಯ್ಡ್ ಮೂಳೆಯನ್ನು ತೆರೆದು ಕೀವನ್ನು ಹೊರಹಾಕುವ ಕ್ರಮವನ್ನು ವ್ಯವಸ್ಥಿತವಾಗಿ ನಿರೂಪಿಸಿದ. 1890ರ ಸುಮಾರಿಗೆ ರೂಢಿಗೆ ಬಂದ ಆಮೂಲಾಗ್ರ ಶಸ್ತ್ರಕ್ರಿಯೆಯಲ್ಲಿ ರೋಗಪೀಡಿತ ಮೂಳೆಯ ಜೊತೆಗೆ ತಮಟೆಯ ಅವಶೇಷವನ್ನೂ ಮಧ್ಯಕಿವಿಯ ಸುತ್ತಿಗೆ ಹಾಗೂ ಅಡಿಗಲ್ಲು ಮೂಳೆಗಳನ್ನೂ ತೆಗೆದುಹಾಕಿ, ಇಡೀ ಪ್ರದೇಶವನ್ನು ಹೊರಕ್ಕೆ ತೆರೆದ ಒಂದೇ ಕುಳಿಯನ್ನಾಗಿ ಮಾಡುತ್ತಿದ್ದರು. ರೋಗಿ ಬದುಕುತ್ತಿದ್ದ, ಆ ಕಿವಿಯ ಶ್ರವಣ ಬಹುಪಾಲು ಹೋಗುತ್ತಿತ್ತು. ಸೋಂಕಿರುವ ಕುಳಿಯನ್ನು ಮುಚ್ಚುವುದೆಂದರೆ ಕೀವನ್ನು ಒಳಗೇ ಕೂಡಿಹಾಕಿದಂತೆ. ಹೀಗಾಗಿ ಬೆರ್ಟೋಲ್ಡನ ಕಸಿ ಅಂದಿನ ವೈದ್ಯರಿಗೆ ಅನಗತ್ಯವಾಗಿಯೂ ಅಪಾಯಕರವಾಗಿಯೂ ಕಂಡಿತು. ಅಂದಿನ ಸ್ಥಿತಿಯಲ್ಲಿ ಈ ತೀರ್ಮಾನ ಅವಿವೇಕದ್ದಾಗಿರಲಿಲ್ಲ. ರೋಗ ಮಿತವಾಗಿದ್ದಾಗ ತಮಟೆಯನ್ನೂ ಕಿರುಮೂಳೆಗಳನ್ನೂ ಉಳಿಸಬಹುದೆಂದು ವಿಯೆನ್ನಾದ ಗುಸ್ತಾವ್ ಬೋಂಡಿ 1910ರಲ್ಲಿ ತೋರಿಸಿದನಾದರೂ ಅದು ಆಗ ವ್ಯಾಪಕವಾಗಿ ಸ್ವೀಕೃತವಾಗಲಿಲ್ಲ.

5. ಎಣಿಕೆ ಬದಲಾದ ಬಗೆ

ಈ ಸ್ಥಿತಿಯನ್ನು ಬದಲಿಸಿದ ಬೆಳವಣಿಗೆಗಳು ಮೂರು. ಮೂರೂ ಬೇರೆ ಬೇರೆ ಮೂಲಗಳಿಂದ ಬಂದವು.

ಮೊದಲನೆಯದು ಔಷಧ. 1935ರಲ್ಲಿ ಬೆಳಕಿಗೆ ಬಂದ ಸಲ್ಫಾ ಔಷಧಗಳು, 1940ರ ದಶಕದಲ್ಲಿ ಬಳಕೆಗೆ ಬಂದ ಪೆನಿಸಿಲಿನ್ ಇವುಗಳಿಂದ ಕಿವಿಯ ಸೋಂಕಿನ ಮಾರಕತೆ ಇಳಿಯಿತು. ಪ್ರಾಣದ ಪ್ರಶ್ನೆ ಹಿಂದೆ ಸರಿದಾಗ ಶ್ರವಣದ ಪ್ರಶ್ನೆ ಮುಂದೆ ಬಂದಿತು.

ಎರಡನೆಯದು ದೃಷ್ಟಿಸಾಧನ. ಸ್ಟಾಕ್‌ಹೋಮಿನ ಕಾರ್ಲ್ ಊಲೊಫ್ ನ್ಯೂಲೆನ್ 1921ರಲ್ಲಿ ಮೊದಲಿಗೆ ಕಿವಿಯ ಶಸ್ತ್ರಕ್ರಿಯೆಯಲ್ಲಿ ಒಂಟಿಕಣ್ಣಿನ ಸೂಕ್ಷ್ಮದರ್ಶಕವನ್ನು ಬಳಸಿದ. ಮರುವರ್ಷ ಅವನ ಹಿರಿಯ ಗುನ್ನಾರ್ ಹೋಲ್ಮ್‌ಗ್ರೆನ್ ಎರಡು ಕಣ್ಣಿನ ಸೂಕ್ಷ್ಮದರ್ಶಕವನ್ನು ಬಳಕೆಗೆ ತಂದ. 1953ರಲ್ಲಿ ಹಾನ್ಸ್ ಲಿಟ್‌ಮಾನ್ ರೂಪಿಸಿದ ಝೈಸ್ ಸಂಸ್ಥೆಯ ಶಸ್ತ್ರಕ್ರಿಯಾ ಸೂಕ್ಷ್ಮದರ್ಶಕ ಮಾರುಕಟ್ಟೆಗೆ ಬಂದಿತು. ಬೆಳಕು, ವರ್ಧನ ಹಾಗೂ ಎರಡೂ ಕೈಗಳ ಬಿಡುವು ಒಟ್ಟಿಗೆ ದೊರೆತ ಕಾರಣ ಒಂದು ಸೆಂಟಿಮೀಟರಿಗಿಂತ ಕಿರಿದಾದ ಪೊರೆಯ ಮೇಲೆ ಖಚಿತವಾಗಿ ಕೆಲಸಮಾಡುವುದು ಸಾಧ್ಯವಾಯಿತು.

ಮೂರನೆಯದು ಶ್ರವಣದ ಭೌತಶಾಸ್ತ್ರ. 1868ರಲ್ಲಿ ಹೆಲ್ಮ್‌ಹೋಲ್ಟ್ಸ್ ಆರಂಭಿಸಿದ ಈ ಚಿಂತನೆಯನ್ನು ಗೆಯೋರ್ಗ್ ಫಾನ್ ಬೇಕೇಶಿ ಮೊದಲಾದವರು ಮುಂದುವರಿಸಿದರು. ಶ್ರವಣಾಂಗವನ್ನು ಕುರಿತ ಸಂಶೋಧನೆಗಾಗಿ ಬೇಕೇಶಿ 1961ರಲ್ಲಿ ನೊಬೆಲ್ ಪುರಸ್ಕಾರವನ್ನು ಪಡೆದ. ಗಾಳಿಯಲ್ಲಿ ಬರುವ ಶಬ್ದವು ಒಳಕಿವಿಯ ದ್ರವಕ್ಕೆ ನೇರವಾಗಿ ತಾಗಿದರೆ ಅದರ ಬಹುಭಾಗ ಹಿಮ್ಮರಳುತ್ತದೆ. ತಮಟೆಯ ಕಂಪಿಸುವ ವಿಸ್ತಾರ ರಿಕಾಪು ಮೂಳೆಯ ತಳಕ್ಕಿಂತ ಸುಮಾರು 17 ಪಟ್ಟು ಹೆಚ್ಚು. ಕಿರುಮೂಳೆಗಳ ಸನ್ನೆಯಿಂದ ಮತ್ತೆ 1.3 ಪಟ್ಟು ಬಲ ದೊರೆಯುತ್ತದೆ. ಒಟ್ಟಾರೆ ಒತ್ತಡವು ಸುಮಾರು 22 ಪಟ್ಟು ವೃದ್ಧಿಯಾಗುತ್ತದೆ. ಇದರ ಜೊತೆಗೆ ಒಳಕಿವಿಯ ದುಂಡುಕಿಂಡಿಗೆ ಶಬ್ದ ನೇರವಾಗಿ ಬಡಿಯದಂತೆ ತಮಟೆ ಮರೆಯಾಗಿಯೂ ನಿಲ್ಲುತ್ತದೆ. ಎರಡು ಕಿಂಡಿಗಳಿಗೂ ಶಬ್ದ ಒಮ್ಮೆಗೇ ತಾಗಿದರೆ ದ್ರವದ ಚಲನೆ ಕುಂದುತ್ತದೆ. ಕೂಪರನ ವಿದ್ಯಾರ್ಥಿಗೆ ಸ್ವಲ್ಪಮಟ್ಟಿಗೆ ಕೇಳಿಸುತ್ತಿದ್ದುದಕ್ಕೂ, ನ್ಯೂಯಾರ್ಕಿನ ವ್ಯಕ್ತಿಗೆ ಒದ್ದೆ ಕಾಗದದಿಂದ ಹೆಚ್ಚು ಕೇಳಿಸಿದುದಕ್ಕೂ ಇಲ್ಲಿ ವಿವರಣೆ ದೊರೆಯುತ್ತದೆ.

ಈ ಮೂರನ್ನೂ ಒಗ್ಗೂಡಿಸಿದವರು ಜರ್ಮನಿಯ ಹೋರ್ಸ್ಟ್ ವುಲ್‌ಸ್ಟೈನ್ ಮತ್ತು ಫ್ರಿಟ್ಸ್ ಸೋಲ್ನರ್. 1950ರ ದಶಕದ ಆರಂಭದಲ್ಲಿ ಇವರು ಬೇರೆ ಬೇರೆಯಾಗಿ ನಡೆಸಿದ ಕೆಲಸವನ್ನು 1953ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಮಂಡಿಸಿದರು. ವುಲ್‌ಸ್ಟೈನನು ಟಿಂಪನೋಪ್ಲಾಸ್ಟಿಯನ್ನು ಐದು ವರ್ಗಗಳಾಗಿ ವಿಂಗಡಿಸಿದ. ಕಿರುಮೂಳೆಗಳು ಸುಸ್ಥಿತಿಯಲ್ಲಿದ್ದಾಗ ರಂಧ್ರವನ್ನು ಮಾತ್ರ ಮುಚ್ಚುವುದು ಮೊದಲನೆಯದು. ಮೊದಲ ಎರಡು ಮೂಳೆಗಳು ಇಲ್ಲವಾದಾಗ ಕಸಿಯನ್ನು ನೇರವಾಗಿ ರಿಕಾಪು ಮೂಳೆಯ ಮೇಲೆ ಕೂರಿಸುವುದು ಮೂರನೆಯದು. ಹಕ್ಕಿಗಳಲ್ಲಿ ಒಂದೇ ಮೂಳೆಯ ಮೂಲಕ ಶಬ್ದ ಸಾಗುವ ವ್ಯವಸ್ಥೆಯನ್ನು ಇದು ಹೋಲುತ್ತದೆ. ಉಳಿದಿರುವುದು ಎಷ್ಟು, ಅದರಿಂದ ಶ್ರವಣವನ್ನು ಹೇಗೆ ಕಟ್ಟಬಹುದು ಎಂಬುದೇ ಈ ವಿಂಗಡಣೆಯ ಆಧಾರ. ಏನನ್ನು ತೆಗೆಯಬೇಕು ಎಂದು ಕೇಳುತ್ತಿದ್ದ ಹಿಂದಿನ ಶಸ್ತ್ರವೈದ್ಯಕ್ಕೂ ಇದಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ.

6. ಚರ್ಮದಿಂದ ತಂತುಪೊರೆಗೆ

ವುಲ್‌ಸ್ಟೈನ್ ಮತ್ತು ಸೋಲ್ನರ್ ಬಳಸಿದ ಕಸಿಯೂ ಬೆರ್ಟೋಲ್ಡನದರಂತೆ ಚರ್ಮವೇ. ಅದು ಮೊದಲು ಚೆನ್ನಾಗಿ ಹಿಡಿದುಕೊಂಡರೂ ಕಾಲಕ್ರಮದಲ್ಲಿ ಪದರು ಪದರಾಗಿ ಉದುರಿ ಸೇರಿಕೊಳ್ಳುತ್ತಿತ್ತು, ಉರಿಯೂತಕ್ಕೆ ಒಳಗಾಗುತ್ತಿತ್ತು. ಎಷ್ಟೋ ಕಿವಿಗಳಲ್ಲಿ ಮತ್ತೆ ರಂಧ್ರ ಬೀಳುತ್ತಿತ್ತು. ದೇಹದ ಮೇಲ್ಮೈಗೆ ಸಲ್ಲುವ ಚರ್ಮ ಕಿವಿಯ ಆಳಕ್ಕೆ ಸಲ್ಲದೆಂಬುದು ಅನುಭವದಿಂದ ತಿಳಿಯಿತು.

ಪರಿಹಾರ ಕಿವಿಯ ಸಮೀಪದಲ್ಲಿಯೇ ಇತ್ತು. ಕಿವಿಯ ಮೇಲ್ಭಾಗದಲ್ಲಿ, ಕಪೋಲದ ಮಾಂಸಖಂಡವನ್ನು ಕವಿದುಕೊಂಡಿರುವ ಬಿಳಿಯ ತಂತುಪೊರೆಯನ್ನು ಜರ್ಮನಿಯ ಹೀರ್ಮಾನ್ ಹಾಗೂ ಸ್ವೀಡನ್ನಿನ ಓರ್ಟೆಗ್ರೆನ್ 1950ರ ದಶಕದ ಕೊನೆಯಲ್ಲಿ ಕಸಿಗೆ ಬಳಸಿದರು. 1961ರಲ್ಲಿ ಸ್ಟೋರ್ಸ್ ಅದನ್ನು ಅಮೆರಿಕದಲ್ಲಿ ಪರಿಚಯಿಸಿದ. ಇದೇ ಅವಧಿಯಲ್ಲಿ ಮೆಂಫಿಸ್ಸಿನ ಜಾನ್ ಶೇ ರಕ್ತನಾಳದ ತುಣುಕನ್ನು ಬಳಸಿದ. 1964ರಲ್ಲಿ ವಿಕ್ಟರ್ ಗುಡ್‌ಹಿಲ್ ಕಿವಿಯ ಮೃದ್ವಸ್ಥಿಯ ಹೊದಿಕೆಯನ್ನು ಸೂಚಿಸಿದ. ಇವೆಲ್ಲವುಗಳಲ್ಲಿ ತಂತುಪೊರೆಯೇ ಹೆಚ್ಚು ಬಳಕೆಗೆ ಬಂದಿತು. ಶಸ್ತ್ರಕ್ರಿಯೆಯ ಒಂದೇ ಗಾಯದಿಂದ ಅದನ್ನು ಪಡೆಯಬಹುದು. ತಮಟೆಯಷ್ಟೇ ತೆಳುವಾಗಿ ಹದಗೊಳಿಸಬಹುದು. ಅದರ ಜೀವಕ್ರಿಯೆಯ ಬೇಡಿಕೆ ಅಲ್ಪವಾದುದರಿಂದ ಹೊಸ ರಕ್ತನಾಳಗಳು ಬರುವವರೆಗೆ ಅದು ತಾಳಿಕೊಳ್ಳುತ್ತದೆ. ಕಸಿ ಅಲ್ಲಿ ಚೌಕಟ್ಟಾಗಿ ನಿಲ್ಲುತ್ತದೆ. ಹೊರಚರ್ಮವೂ ಒಳಪೊರೆಯೂ ಅದರ ಎರಡು ಬದಿಗಳಲ್ಲಿ ಹರಿದು ಬೆಳೆಯುತ್ತವೆ. ಬ್ಲೇಕನ ಕಾಗದ ಮಾಡಿದ ಕೆಲಸವನ್ನೇ ಇದು ಶಾಶ್ವತವಾಗಿ ಮಾಡುತ್ತದೆ. ಇಂದು ಪ್ರಕಟವಾಗುವ ಬಹುತೇಕ ವರದಿಗಳಲ್ಲಿ ನೂರಕ್ಕೆ 80ರಿಂದ 90ರಷ್ಟು ಕಿವಿಗಳಲ್ಲಿ ರಂಧ್ರ ಕೂಡಿಕೊಂಡುದು ಕಂಡುಬರುತ್ತದೆ. ಈಚಿನ ದಶಕಗಳಲ್ಲಿ ಮೃದ್ವಸ್ಥಿಯ ಕಸಿ ಮತ್ತು ಎಂಡೋಸ್ಕೋಪಿನ ಬಳಕೆ ಹೆಚ್ಚಿದ್ದರೂ ಮೂಲತತ್ತ್ವ ಬದಲಾಗಿಲ್ಲ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ತಮಟೆಯ ದುರಸ್ತಿಗೆ ಬೇಕಾದ ಕಸಿಯ ಕಲ್ಪನೆ 1878ರಲ್ಲಿಯೇ ಇದ್ದಿತು. ಬೇಕಾದ ಪೊರೆ ಪ್ರತಿಯೊಬ್ಬ ರೋಗಿಯ ಕಿವಿಯ ಮೇಲ್ಗಡೆಯೇ ಇದ್ದಿತು. ಸೋಂಕಿನ ಭಯ ಅಳಿದು, ಕೇಳುವ ಶಕ್ತಿಯೂ ಉಳಿಸಲೇಬೇಕಾದ ಸಂಪತ್ತೆಂದು ಶಸ್ತ್ರವೈದ್ಯರು ಎಣಿಸತೊಡಗಿದ ಮೇಲೆಯೇ ಇವೆರಡೂ ಉಪಯೋಗಕ್ಕೆ ಬಂದವು.

ಈ ಇತಿಹಾಸ ನಮ್ಮ ದೇಶದ ಮಟ್ಟಿಗೆ ಮುಗಿದ ಅಧ್ಯಾಯವಲ್ಲ. ದೀರ್ಘಕಾಲ ಸೋರುವ ಕಿವಿಯ ರೋಗದಿಂದ ಜಗತ್ತಿನಲ್ಲಿ 6.5 ಕೋಟಿಯಿಂದ 33 ಕೋಟಿ ಜನ ಬಳಲುತ್ತಿದ್ದಾರೆಂದು 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತು. ರೋಗ ಅತ್ಯಧಿಕವಾಗಿರುವ ದೇಶಗಳ ವರ್ಗದಲ್ಲಿ ಭಾರತವನ್ನು ಸೇರಿಸಿತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕ್ಷೇತ್ರದಲ್ಲಿ ದುಡಿಯುತ್ತಿದೆ. ಕಿವುಡುತನದ ತಡೆ ಮತ್ತು ನಿಯಂತ್ರಣಕ್ಕಾಗಿ ಕೇಂದ್ರ ಸರ್ಕಾರ 2006–07ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಆದರೂ ಸೋರುವ ಕಿವಿಗೆ ಎಣ್ಣೆ ಬಿಟ್ಟು, ಹತ್ತಿ ತುರುಕಿ, ದೊಡ್ಡವನಾದಮೇಲೆ ತಾನಾಗಿ ಸರಿಹೋಗುತ್ತದೆ ಎಂದು ಮಕ್ಕಳನ್ನು ಹಾಗೆಯೇ ಬಿಡುವ ರೂಢಿ ಹಳ್ಳಿಗಳಲ್ಲಿ ಪೂರ್ತಿ ಹೋಗಿಲ್ಲ. ಆ ಮಗು ಶಾಲೆಯಲ್ಲಿ ಹಿಂದುಳಿಯುವುದನ್ನು ಮಂದಬುದ್ಧಿಯೆಂದು ತಿಳಿಯುವವರೂ ಇದ್ದಾರೆ. ಶ್ರವಣವನ್ನು ಬಿಟ್ಟುಕೊಡಬಹುದಾದ ವಸ್ತುವೆಂದು ಎಣಿಸುವ ಹಳೆಯ ದೃಷ್ಟಿಯೇ ಇದು; ಯುರೋಪಿನ ಶಸ್ತ್ರವೈದ್ಯರಿಗೆ ಆ ಎಣಿಕೆಯನ್ನು ಬಲವಂತವಾಗಿ ಒಪ್ಪಿಸಿದ ಪ್ರಾಣಭಯದ ಕಾರಣವಾದರೂ ಅವರಿಗಿತ್ತು. ಔಷಧವೂ ಶಸ್ತ್ರಕ್ರಿಯೆಯೂ ಕೈಗೆಟಕುವ ಈ ಕಾಲದಲ್ಲಿ ನಮಗೆ ಆ ಕಾರಣ ಉಳಿದಿಲ್ಲ. ಕರ್ನಾಟಕದ ಆಸ್ಪತ್ರೆಗಳಲ್ಲಿ ಈ ಶಸ್ತ್ರಕ್ರಿಯೆ ಹರಡಿದ ಬಗೆಯನ್ನು ಹಳೆಯ ಆಸ್ಪತ್ರೆಗಳ ದಾಖಲೆಗಳಿಂದಲೂ ಹಿರಿಯ ವೈದ್ಯರ ನೆನಪುಗಳಿಂದಲೂ ಕಲೆಹಾಕಿ ಬರೆಯುವ ಕಾರ್ಯ ಮುಂದಿನ ಸಂಶೋಧಕರಿಗೆ ಕಾದಿದೆ.